ಮೈಸೂರಿನಿಂದ ವಿಯೆನ್ನಾಗೆ ರೈಲಿನಲ್ಲಿ: ಹೊರಡುವ ಮುಂಚೆ ಮಾಡಿಕೊಳ್ಳಬೇಕಾದ ತಯಾರಿ

ರೈಲಿನಲ್ಲಿ ಯೂರೋಪಿಗೆ ಹೋಗುತ್ತೇನೆ ಅಂದರೆ ನಮ್ಮ ಕಡೆ ಎಲ್ಲರೂ ಮೊದಲು ಕೇಳುವುದು 'ಆಗುತ್ತಾ?' ಅಂತ. ಆಗುತ್ತದೆ. ಆದರೆ ಹಳಿ ಪೂರ್ತಿ ಇಲ್ಲ. ಎಲ್ಲೆಲ್ಲಿ ಇಲ್ಲ ಅನ್ನುವುದನ್ನು ಮೊದಲು ತಿಳಿದುಕೊಂಡವರಿಗೆ ಮಿಕ್ಕಿದ್ದೆಲ್ಲ ಸುಲಭ.

ಪಶ್ಚಿಮಕ್ಕೆ ಲಾಹೋರಿನ ದಾರಿ ಮುಚ್ಚಿದೆ. ಸಂಝೌತಾ ಎಕ್ಸ್‌ಪ್ರೆಸ್ 2019ರ ಆಗಸ್ಟ್‌ನಲ್ಲಿ ನಿಂತದ್ದು ಮತ್ತೆ ಓಡಲಿಲ್ಲ. ಪೂರ್ವಕ್ಕೆ ಮ್ಯಾನ್ಮಾರ್ ಜೊತೆ ನಮಗೆ ರೈಲು ಸಂಪರ್ಕವೇ ಇಲ್ಲ. ಹಾಗಾಗಿ ಭಾರತದಿಂದ ಆಚೆ ಕಾಲಿಡಲು ಒಂದು ವಿಮಾನ ಬೇಕೇ ಬೇಕು. ಇನ್ನು ರಷ್ಯಾ. ಮಾಸ್ಕೋದಿಂದ ವ್ಲಾಡಿವೊಸ್ಟಾಕ್‌ವರೆಗಿನ 9,289 ಕಿಲೋಮೀಟರ್ ಹಳಿಯ ಮೇಲೆ ರೈಲು ಇವತ್ತಿಗೂ ಓಡುತ್ತದೆ. ಆದರೆ ಮಾಸ್ಕೋದಿಂದ ಬರ್ಲಿನ್, ಪ್ಯಾರಿಸ್‌ಗೆ ಹೋಗುತ್ತಿದ್ದ ರೈಲುಗಳು 2020ರಲ್ಲಿ ನಿಂತವು, ಸೇಂಟ್ ಪೀಟರ್ಸ್‌ಬರ್ಗ್‌ನಿಂದ ಹೆಲ್ಸಿಂಕಿಗೆ ಹೋಗುತ್ತಿದ್ದದ್ದು 2022ರಲ್ಲಿ ನಿಂತಿತು. ಹೊರದೇಶದ ಬ್ಯಾಂಕುಗಳು ಕೊಟ್ಟ ವೀಸಾ, ಮಾಸ್ಟರ್‌ಕಾರ್ಡ್ ಕಂಪನಿಗಳ ಪಾವತಿ ಕಾರ್ಡುಗಳು 2022ರ ಮಾರ್ಚ್‌ನಿಂದ ಅಲ್ಲಿ ನಡೆಯುವುದೂ ಇಲ್ಲ. ಸೈಬೀರಿಯಾ ನೋಡಲೇಬೇಕೆನ್ನುವವರು ಅದನ್ನೇ ಬೇರೆ ಪ್ರವಾಸವಾಗಿ ಇಟ್ಟುಕೊಳ್ಳುವುದು ಒಳ್ಳೆಯದು.

ನಾನು ಹೇಳುವ ದಾರಿ ಹೀಗಿದೆ. ಮೈಸೂರಿನಿಂದ ರೈಲಿನಲ್ಲಿ ಚೆನ್ನೈ, ಅಲ್ಲಿಂದ ವಿಮಾನದಲ್ಲಿ ಬ್ಯಾಂಕಾಕ್. ಬ್ಯಾಂಕಾಕ್‌ನಿಂದ ರಾತ್ರಿ ರೈಲಿನಲ್ಲಿ ಲಾವೋಸಿನ ರಾಜಧಾನಿ ವಿಯೆಂಟಿಯನ್. ಅಲ್ಲಿಂದ ಚೀನಾದ ಕುನ್ಮಿಂಗ್, ಶಿಯಾನ್, ಲಾಂಝೌ, ಉರುಮ್ಚಿ. ಗಡಿಯಲ್ಲಿ ಸ್ವಲ್ಪ ದೂರ ಬಸ್ಸು, ಆಮೇಲೆ ಕಜಾಕಸ್ತಾನದ ಅಲ್ಮಾಟಿ, ಉಜ್ಬೇಕಿಸ್ತಾನದ ತಾಷ್ಕೆಂಟ್, ಸಮರ್ಕಂದ್. ಅಲ್ಲಿಂದ ಕ್ಯಾಸ್ಪಿಯನ್ ಸಮುದ್ರ ದಾಟಿ ಬಾಕು ಸೇರುವ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಅಜರ್‌ಬೈಜಾನ್ 2020ರಲ್ಲಿ ಪ್ರಯಾಣಿಕರಿಗೆ ಮುಚ್ಚಿದ ತನ್ನ ಭೂಗಡಿಯನ್ನು ಮತ್ತೆ ಮತ್ತೆ ಅವಧಿ ಮುಂದೂಡಿ ಮುಚ್ಚಿಯೇ ಇಟ್ಟಿದೆ. ಅದಕ್ಕೇ ತಾಷ್ಕೆಂಟ್‌ನಿಂದ ಇಸ್ತಾಂಬುಲ್‌ಗೆ ಎರಡನೇ ವಿಮಾನ. ಇಸ್ತಾಂಬುಲ್‌ನಿಂದ ಸೋಫಿಯಾ, ಬುಕಾರೆಸ್ಟ್, ಬುಡಾಪೆಸ್ಟ್, ವಿಯೆನ್ನಾ ಮತ್ತೆ ರೈಲೇ.

ಎರಡು ವಿಮಾನ ಹತ್ತಿದರೆ ಅದೆಂಥ ರೈಲು ಪ್ರಯಾಣ ಎಂದು ಕೊರಗಬೇಡಿ. ಇಸ್ತಾಂಬುಲ್‌ನಲ್ಲಿ ಸಬೀಹಾ ಗ್ಯೋಕ್ಚೆನ್ ವಿಮಾನ ನಿಲ್ದಾಣಕ್ಕೇ ಟಿಕೆಟ್ ಮಾಡಿಸಿ. ಅದು ಊರಿನ ಏಷ್ಯಾ ಭಾಗದಲ್ಲಿದೆ. ಅಲ್ಲಿಂದ ಮೆಟ್ರೋದಲ್ಲಿ ಊರೊಳಗೆ ಬಂದು ಮರ್ಮರಾಯ್ ರೈಲು ಹಿಡಿದರೆ ಬಾಸ್ಫರಸ್ ಜಲಸಂಧಿಯ ಅಡಿಯ ಸುರಂಗದಲ್ಲಿ ಹಾದು ಯೂರೋಪಿಗೆ ಬರುತ್ತೀರಿ. 2013ರ ಅಕ್ಟೋಬರ್ 29ರಂದು ತೆರೆದ ಸುರಂಗ ಅದು. ಅದೇ ರೈಲಿನ ಕೊನೆಯ ನಿಲ್ದಾಣ ಹಲ್ಕಲಿ, ಸೋಫಿಯಾ ರೈಲು ಹೊರಡುವುದೂ ಅಲ್ಲಿಂದಲೇ. ಖಂಡದಿಂದ ಖಂಡಕ್ಕೆ ನೀವು ದಾಟುವುದು ಹಳಿಯ ಮೇಲೇ.

ಕೊನೆಯ ದೇಶದಿಂದ ಶುರು ಮಾಡಿ

ಇಡೀ ತಯಾರಿಯಲ್ಲಿ ಮುಖ್ಯವಾದದ್ದು ಇದೇ: ಪ್ರಯಾಣ ಮುಂದಕ್ಕೆ ಸಾಗುತ್ತದೆ, ತಯಾರಿ ಮಾತ್ರ ಹಿಂದಿನಿಂದ ಬರಬೇಕು. ಮೊದಲು ಹೋಗುವ ದೇಶದ ವೀಸಾ ಮೊದಲು ಮಾಡಿಸುತ್ತೇನೆ ಎಂದು ಹೊರಟರೆ, ಕೊನೆಯದು ಕೈಗೆ ಬರುವಷ್ಟರಲ್ಲಿ ಮೊದಲನೆಯದರ ಅವಧಿ ಮುಗಿದಿರುತ್ತದೆ.

ಪಾಸ್‌ಪೋರ್ಟ್ ನೋಡಿಕೊಳ್ಳಿ. ಪ್ರವಾಸ ಮುಗಿದ ಮೇಲೂ ಆರು ತಿಂಗಳು ಅವಧಿ ಉಳಿದಿರಬೇಕು, ಎದುರುಬದುರಿನ ಖಾಲಿ ಪುಟಗಳು ಸಾಕಷ್ಟು ಇರಬೇಕು. ಹೊಸದಾಗಿ ಮಾಡಿಸುವುದಾದರೆ 36 ಪುಟದ್ದು ಬೇಡ, 60 ಪುಟದ್ದು ಕೇಳಿ. ಮೈಸೂರಿನವರು ಇದಕ್ಕೆ ಬೆಂಗಳೂರಿಗೆ ಓಡಬೇಕಿಲ್ಲ. ಅಂಚೆ ಕಚೇರಿಯೊಳಗಿನ ಪಾಸ್‌ಪೋರ್ಟ್ ಸೇವಾ ಕೇಂದ್ರ ದೇಶದಲ್ಲಿ ಮೊದಲು ಆರಂಭವಾದದ್ದೇ ನಮ್ಮೂರಿನಲ್ಲಿ ಮತ್ತು ಗುಜರಾತಿನ ದಾಹೋದ್‌ನಲ್ಲಿ, 2017ರ ಜನವರಿ 25ರಂದು.

ಆಮೇಲೆ ಶೆಂಗೆನ್ ವೀಸಾ, ಅಂದರೆ ಯೂರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಒಂದೇ ವೀಸಾ. ಪ್ರವೇಶದ ದಿನಕ್ಕೆ ಆರು ತಿಂಗಳು ಇರುವಾಗಿನಿಂದ ಅರ್ಜಿ ತೆಗೆದುಕೊಳ್ಳುತ್ತಾರೆ, ಕಡೇ ಪಕ್ಷ ಹದಿನೈದು ದಿನ ಮುಂಚೆಯಾದರೂ ಕೊಟ್ಟಿರಬೇಕು. ಶುಲ್ಕ 2024ರ ಜೂನ್‌ನಿಂದ 90 ಯೂರೋ. ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚ ಭರಿಸುವ ವಿಮೆ ಕಡ್ಡಾಯ. ಯಾವ ದೇಶದಲ್ಲಿ ಹೆಚ್ಚು ದಿನ ಇರುತ್ತೀರೋ ಆ ದೇಶಕ್ಕೇ ಅರ್ಜಿ. ಬಲ್ಗೇರಿಯಾ ಮತ್ತು ರೊಮೇನಿಯಾದ ಭೂಗಡಿಗಳೂ 2025ರ ಜನವರಿ 1ರಿಂದ ಶೆಂಗೆನ್‌ಗೆ ಸೇರಿವೆ. ಹಾಗಾಗಿ ಇಸ್ತಾಂಬುಲ್‌ನಿಂದ ಬರುವಾಗ ಬಲ್ಗೇರಿಯಾದ ಗಡಿಯಲ್ಲೇ ಈ ವೀಸಾ ಲೆಕ್ಕಕ್ಕೆ ಬರುತ್ತದೆ, ದಿನಗಳ ಎಣಿಕೆಯೂ ಅಲ್ಲಿಂದಲೇ ಶುರು.

ಈ ಅರ್ಜಿಯ ಜೊತೆ ಒಂದು ಪತ್ರ ಬರೆಯಿರಿ. ಯೂರೋಪಿಗೆ ಭೂಮಾರ್ಗವಾಗಿ ಬರುವ ಭಾರತೀಯ ಪ್ರವಾಸಿ ಅಪರೂಪ, ಅರ್ಜಿ ನೋಡುವವರಿಗೆ ಅನುಮಾನ ಬರುವುದು ಸಹಜ. ಯಾವ ದಿನ ಯಾವ ಊರು, ಯಾವ ರೈಲು, ಎಲ್ಲಿ ವಸತಿ ಎಂದು ದಿನಾಂಕವಾರು ಪಟ್ಟಿ ಕೊಡಿ. ವಿಯೆನ್ನಾದಿಂದ ಊರಿಗೆ ಹಿಂದಿರುಗುವ ವಿಮಾನದ ಬುಕಿಂಗ್ ಇರಲಿ. ನಿವೃತ್ತರಾದರೆ ಪಿಂಚಣಿ ದಾಖಲೆ, ಜಮೀನಿದ್ದರೆ ಪಹಣಿ, ಅಂಗಡಿ ಇದ್ದರೆ ಜಿಎಸ್‌ಟಿ ನೋಂದಣಿ ಲಗತ್ತಿಸಿ. ಊರಿಗೆ ಮರಳಲು ನಿಮಗೆ ಕಾರಣವಿದೆ ಎಂಬುದನ್ನು ಕಾಗದದಲ್ಲಿ ತೋರಿಸುವ ಕೆಲಸ ಇದು. ಮಂಡ್ಯದ ರೈತರೊಬ್ಬರು ಪಹಣಿಯನ್ನು ಇಂಗ್ಲಿಷಿಗೆ ಅನುವಾದಿಸಿ ನೋಟರಿ ಮಾಡಿಸಿ ಕೊಟ್ಟದ್ದು ನನಗೆ ಗೊತ್ತು, ಅದು ಸರಿಯಾದ ಕ್ರಮ.

ಶೆಂಗೆನ್ ಕೈಗೆ ಬಂದರೆ ಟರ್ಕಿಯದು ತಾನಾಗಿ ಸುಲಭವಾಗುತ್ತದೆ. ಚಾಲ್ತಿಯಲ್ಲಿರುವ ಶೆಂಗೆನ್, ಬ್ರಿಟನ್ ಅಥವಾ ಅಮೆರಿಕದ ವೀಸಾ ಇರುವ ಭಾರತೀಯರಿಗೆ ಟರ್ಕಿ ಆನ್‌ಲೈನಿನಲ್ಲೇ ಇ-ವೀಸಾ ಕೊಡುತ್ತದೆ, ಇಲ್ಲದವರು ದೂರ ಸುತ್ತಬೇಕು. ಇಲ್ಲೊಂದು ಸೂಕ್ಷ್ಮವಿದೆ. ನೀವು ಇಸ್ತಾಂಬುಲ್ ಮುಟ್ಟುವ ದಿನಕ್ಕೆ ಶೆಂಗೆನ್ ವೀಸಾ ಚಾಲ್ತಿಗೆ ಬಂದಿರಬೇಕು. ಬಲ್ಗೇರಿಯಾಗೆ ಹೋಗುವ ದಿನದಿಂದಷ್ಟೇ ವೀಸಾ ಕೇಳಿದರೆ ಇಸ್ತಾಂಬುಲ್‌ನಲ್ಲಿ ಸಿಕ್ಕಿಕೊಳ್ಳುತ್ತೀರಿ. ನಾಲ್ಕಾರು ದಿನ ಮುಂಚಿನಿಂದ ಕೇಳಿ, ಪತ್ರದಲ್ಲಿ ಕಾರಣ ಬರೆಯಿರಿ.

ಇದಾದ ಮೇಲೆ ಚೀನಾ. ಭಾರತೀಯರಿಗೆ ಪ್ರವಾಸಿ ವೀಸಾ ಕೊಡುವುದನ್ನು 2025ರ ಜುಲೈನಲ್ಲಿ ಮತ್ತೆ ಶುರು ಮಾಡಿದ್ದಾರೆ. ಒಂದು ಬಾರಿಯ ಪ್ರವೇಶದ ವೀಸಾ ಕೊಟ್ಟ ದಿನದಿಂದ ಸಾಮಾನ್ಯವಾಗಿ ಮೂರು ತಿಂಗಳೊಳಗೆ ಒಳಗೆ ಹೋಗಬೇಕು, ಅದಕ್ಕೇ ಇದನ್ನು ಬೇಗ ಮಾಡಿಸಿಟ್ಟುಕೊಳ್ಳುವಂತಿಲ್ಲ. ಉಜ್ಬೇಕಿಸ್ತಾನ, ಲಾವೋಸ್ ಇ-ವೀಸಾಗಳು ಮನೆಯಲ್ಲೇ ಕೂತು ಆಗುತ್ತವೆ. ಲಾವೋಸಿನದು ಎಲ್ಲ ಗಡಿಗಳಲ್ಲೂ ಒಪ್ಪಿತವಲ್ಲ, ನಿಮ್ಮ ರೈಲಿನ ಗಡಿ ಪಟ್ಟಿಯಲ್ಲಿದೆಯೇ ನೋಡಿ. ಕಜಾಕಸ್ತಾನಕ್ಕೆ ನಮಗೆ 14 ದಿನದವರೆಗೆ ವೀಸಾ ಬೇಡ. ಥಾಯ್ಲೆಂಡಿಗೆ ಹೊರಡುವ ಮೂರು ದಿನದೊಳಗೆ ಡಿಜಿಟಲ್ ಆಗಮನ ಕಾರ್ಡ್ ತುಂಬಬೇಕು. ಅದಕ್ಕೆ ಹಣವಿಲ್ಲ, ಹಣ ಕೇಳುವ ಜಾಲತಾಣ ಸರ್ಕಾರದ್ದಲ್ಲ. ಈ ನಿಯಮಗಳೆಲ್ಲ ವರ್ಷಕ್ಕೆರಡು ಬಾರಿ ಬದಲಾಗುವಂಥವು. ಹೊರಡುವ ತಿಂಗಳಿನಲ್ಲಿ ಆಯಾ ರಾಯಭಾರ ಕಚೇರಿಯ ತಾಣದಲ್ಲಿ ಇನ್ನೊಮ್ಮೆ ನೋಡಲೇಬೇಕು.

ಯಾವಾಗ ಹೊರಡುವುದು

ನನ್ನ ಮಟ್ಟಿಗೆ ಆಗಸ್ಟ್ ಕೊನೆ ಒಳ್ಳೆಯದು. ಥಾಯ್ಲೆಂಡ್, ಲಾವೋಸ್‌ನಲ್ಲಿ ಮಳೆ ಇರುತ್ತದೆ, ಅದನ್ನು ತಾಳಿಕೊಂಡರೆ ಮುಂದೆ ಮಧ್ಯ ಏಷ್ಯಾದಲ್ಲಿ ಸೆಪ್ಟೆಂಬರ್ ಕೊನೆಯ ಹಿತವಾದ ಬಿಸಿಲು, ದ್ರಾಕ್ಷಿ ಮತ್ತು ಕರಬೂಜದ ಕಾಲ. ಯೂರೋಪಿನಲ್ಲಿ ಅಕ್ಟೋಬರ್. ತಪ್ಪಿಸಲೇಬೇಕಾದದ್ದು ಅಕ್ಟೋಬರ್ 1ರಿಂದ ಶುರುವಾಗುವ ಚೀನಾದ ರಾಷ್ಟ್ರೀಯ ರಜೆಯ ವಾರ. ದಸರೆಗೆ ನಮ್ಮ ಬಸ್ ಸ್ಟ್ಯಾಂಡ್ ಹೇಗೆ ತುಂಬುತ್ತದೋ ಹಾಗೆ ಆ ದೇಶದ ಪ್ರತಿ ನಿಲ್ದಾಣವೂ ತುಂಬಿರುತ್ತದೆ, ಟಿಕೆಟ್ ಸಿಗುವುದಿಲ್ಲ. ಸೆಪ್ಟೆಂಬರ್ 25ರೊಳಗೆ ಗಡಿ ದಾಟುವ ಹಾಗೆ ಲೆಕ್ಕ ಹಾಕಿ. ಈ ಲೆಕ್ಕದಲ್ಲಿ ಆ ವರ್ಷದ ದಸರೆ ತಪ್ಪುತ್ತದೆ. ಮೈಸೂರಿನವರಿಗೆ ಅದು ಸಣ್ಣ ನಷ್ಟವಲ್ಲ, ಮನೆಯವರ ಜೊತೆ ಮೊದಲೇ ಮಾತಾಡಿಕೊಳ್ಳಿ.

ಬೇಸಿಗೆಯಲ್ಲಿ ಹೋಗುವುದಾದರೆ ಏಪ್ರಿಲ್ 13ರಿಂದ 15ರವರೆಗೆ ಥಾಯ್ಲೆಂಡಿನ ಸೊಂಗ್‌ಕ್ರಾನ್ ಹಬ್ಬ, ಮೇ ಮೊದಲ ವಾರ ಚೀನಾದ ಕಾರ್ಮಿಕ ದಿನದ ರಜೆ ಅಡ್ಡ ಬರುತ್ತವೆ. ಚಳಿಗಾಲ ಬೇಡ. ಅಲ್ಮಾಟಿಯ ಜನವರಿಯನ್ನು ತಡೆಯುವ ಬಟ್ಟೆಯೇ ಬ್ಯಾಗಿನ ಅರ್ಧ ನುಂಗುತ್ತದೆ.

ಟಿಕೆಟ್‌ಗಳು ಒಂದೇ ಸಲ ಆಗುವುದಿಲ್ಲ

ಇಡೀ ದಾರಿಗೆ ಒಂದು ಟಿಕೆಟ್ ಎನ್ನುವುದು ಎಲ್ಲೂ ಇಲ್ಲ. ಪ್ರತಿ ದೇಶದ ಮಾರಾಟ ಬೇರೆ ಬೇರೆ ದಿನ ತೆರೆಯುತ್ತದೆ. ನಮ್ಮಲ್ಲಿ 2024ರ ನವೆಂಬರ್‌ನಿಂದ 60 ದಿನ ಮುಂಚೆ, ಚೀನಾದಲ್ಲಿ ಸುಮಾರು 15 ದಿನ ಮುಂಚೆ. ಯೂರೋಪಿನ ರಾತ್ರಿ ರೈಲುಗಳು ತಿಂಗಳುಗಳ ಮುಂಚೆಯೇ ಸಿಗುತ್ತವೆ. ಒಂದು ಉದ್ದನೆಯ ನೋಟ್‌ಪುಸ್ತಕದಲ್ಲಿ ಪ್ರತಿ ರೈಲಿನ ಎದುರು 'ಮಾರಾಟ ತೆರೆಯುವ ದಿನ' ಎಂದು ಬರೆದಿಟ್ಟುಕೊಳ್ಳಿ. ಅಂದರೆ ಚೀನಾದ ಟಿಕೆಟ್‌ಗಳನ್ನು ನೀವು ಪ್ರಯಾಣದಲ್ಲಿರುವಾಗಲೇ ಕೊಳ್ಳುತ್ತೀರಿ. ಅಲ್ಲಿನ ರೈಲ್ವೆ ಆ್ಯಪ್ 12306ರಲ್ಲಿ ಪಾಸ್‌ಪೋರ್ಟ್ ಪರಿಶೀಲನೆ ಆಗಲು ಸಮಯ ಬೇಕು, ಖಾತೆಯನ್ನು ಊರಲ್ಲಿರುವಾಗಲೇ ತೆರೆಯಿರಿ. ಅಲ್ಲಿ ಕಾಗದದ ಟಿಕೆಟ್ ಇಲ್ಲ, ನಿಮ್ಮ ಪಾಸ್‌ಪೋರ್ಟೇ ಟಿಕೆಟ್. ರೈಲು ಹೊರಡುವ ಕೆಲವು ನಿಮಿಷ ಮುಂಚೆ ಗೇಟು ಮುಚ್ಚುತ್ತಾರೆ, ಓಡಿ ಹತ್ತುವ ಪದ್ಧತಿ ಇಲ್ಲ.

ಬ್ಯಾಂಕಾಕ್‌ನಿಂದ ವಿಯೆಂಟಿಯನ್‌ಗೆ ನೇರ ರೈಲು 2024ರ ಜುಲೈನಿಂದ ಇದೆ. ವಿಯೆಂಟಿಯನ್‌ನಲ್ಲಿ ಅದು ನಿಲ್ಲುವ ನಿಲ್ದಾಣ ಬೇರೆ, ಚೀನಾ ರೈಲು ಹೊರಡುವ ನಿಲ್ದಾಣ ಬೇರೆ, ಎರಡೂ ಒಂದರಿಂದೊಂದು ದೂರ. ಅವತ್ತೇ ಹಿಡಿಯುತ್ತೇನೆ ಎಂದು ಸಾಹಸ ಬೇಡ, ಒಂದು ರಾತ್ರಿ ಉಳಿಯಿರಿ. ವಿಯೆಂಟಿಯನ್‌ನಿಂದ ಕುನ್ಮಿಂಗ್ 1,035 ಕಿಲೋಮೀಟರ್. ಹಳಿ ತೆರೆದದ್ದು 2021ರ ಡಿಸೆಂಬರ್‌ನಲ್ಲಿ, ನೇರ ಪ್ರಯಾಣಿಕರ ರೈಲು 2023ರ ಏಪ್ರಿಲ್‌ನಲ್ಲಿ. ಬೋತೆನ್ ಮತ್ತು ಮೋಹನ್ ಎಂಬ ಎರಡು ಗಡಿ ನಿಲ್ದಾಣಗಳಲ್ಲಿ ಎಲ್ಲ ಸಾಮಾನು ಹೊತ್ತು ಕೆಳಗಿಳಿದು ತಪಾಸಣೆ ಮುಗಿಸಿ ಮತ್ತೆ ಹತ್ತಬೇಕು. ಬ್ಯಾಗಿನ ತೂಕ ನಿಮ್ಮ ತೋಳಿಗೆ ಗೊತ್ತಾಗುವುದು ಅಲ್ಲೇ.

ಕಜಾಕ್ ಮತ್ತು ಉಜ್ಬೆಕ್ ರೈಲುಗಳಲ್ಲಿ ಎರಡು ದರ್ಜೆ ನಮಗೆ ಸರಿಹೋಗುತ್ತವೆ. ಕುಪೆ ಅಂದರೆ ನಾಲ್ಕು ಬರ್ತಿನ, ಬಾಗಿಲಿರುವ ಕೋಣೆ. ಪ್ಲಾಟ್ಸ್‌ಕಾರ್ಟ್ ಅಂದರೆ 54 ಬರ್ತಿನ ತೆರೆದ ಬೋಗಿ, ನಡುವೆ ಓಡಾಡುವ ದಾರಿ, ಪಕ್ಕದಲ್ಲಿ ಸೈಡ್ ಬರ್ತ್. ನಮ್ಮ ಸ್ಲೀಪರ್‌ನಲ್ಲಿ ಮಲಗಿ ಬೆಳೆದವರಿಗೆ ಅದರಲ್ಲಿ ಹೊಸದೇನೂ ಇಲ್ಲ. ಜನರ ಜೊತೆ ಬೆರೆಯಬೇಕೆನ್ನುವವರಿಗೆ ನಾನು ಅದನ್ನೇ ಹೇಳುತ್ತೇನೆ. ತಾಷ್ಕೆಂಟ್‌ನಿಂದ ಸಮರ್ಕಂದ್‌ಗೆ ಹೋಗುವ ಅಫ್ರೋಸಿಯೋಬ್ ವೇಗದ ರೈಲು ಬೇಗ ತುಂಬಿಬಿಡುತ್ತದೆ, ಮಾರಾಟ ತೆರೆದ ದಿನವೇ ಕೊಳ್ಳಿ.

ಇಸ್ತಾಂಬುಲ್–ಸೋಫಿಯಾ ರೈಲಿನಲ್ಲಿ ನಡುರಾತ್ರಿ ಕಪಿಕುಲೆ ಗಡಿಯಲ್ಲಿ ಎಬ್ಬಿಸಿ ಕೆಳಗಿಳಿಸುತ್ತಾರೆ. ನಿದ್ದೆಗಣ್ಣಿನಲ್ಲಿ ಪಾಸ್‌ಪೋರ್ಟ್ ಹುಡುಕುವ ಹಾಗೆ ಆಗಬಾರದು, ದಿಂಬಿನ ಕೆಳಗಲ್ಲ, ಮೈಮೇಲೇ ಇರಲಿ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಈ ದಾರಿಯಲ್ಲಿ ಹಳಿಯ ಅಗಲ ಬದಲಾಗುತ್ತಾ ಹೋಗುತ್ತದೆ. ನಮ್ಮ ಬ್ರಾಡ್‌ಗೇಜ್ 1,676 ಮಿಲಿಮೀಟರ್. ಥಾಯ್ಲೆಂಡಿನದು 1,000, ಅಂದರೆ ಮೈಸೂರಿನ ಹಿರಿಯರೆಲ್ಲ ಓಡಾಡಿದ ಆ ಹಳೆಯ ಮೀಟರ್‌ಗೇಜೇ. ಲಾವೋಸ್–ಚೀನಾ ಹಳಿ 1,435, ಕಜಾಕಸ್ತಾನದ್ದು 1,520, ಟರ್ಕಿಯಿಂದ ಮುಂದೆ ಮತ್ತೆ 1,435. ಗಡಿಗಳಲ್ಲಿ ರೈಲು ಬದಲಿಸಬೇಕಾಗಿ ಬರುವುದರ ಹಿಂದೆ ಈ ಕಾರಣವೂ ಇದೆ. ಹೊರಡುವ ಮುಂಚೆ ನಮ್ಮ ನಿಲ್ದಾಣದ ಹತ್ತಿರದ ರೈಲ್ವೆ ಮ್ಯೂಸಿಯಮ್ಮಿಗೆ ಹೋಗಿ ಹಳೆಯ ಎಂಜಿನ್ನುಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಬ್ಯಾಂಕಾಕ್‌ನಲ್ಲಿ ಆ ಕಿರಿದಾದ ಹಳಿ ಕಂಡಾಗ ಪರಿಚಯದವರು ಸಿಕ್ಕ ಹಾಗಾಗುತ್ತದೆ.

ಹಣ, ಫೋನು, ಗಡಿಯಾರ

ಎರಡು ಬೇರೆ ಬೇರೆ ಬ್ಯಾಂಕಿನ ಅಂತರರಾಷ್ಟ್ರೀಯ ಕಾರ್ಡ್ ಇರಲಿ, ಒಂದು ಪರ್ಸಿನಲ್ಲಿ, ಇನ್ನೊಂದು ಬ್ಯಾಗಿನ ತಳದಲ್ಲಿ. ಬ್ಯಾಂಕಿನ ಆ್ಯಪ್‌ನಲ್ಲಿ ವಿದೇಶಿ ಬಳಕೆಯನ್ನು ನೀವೇ ಚಾಲೂ ಮಾಡಬೇಕು, ಅದು ತಾನಾಗಿ ಆಗಿರುವುದಿಲ್ಲ. ಸ್ವಲ್ಪ ಡಾಲರ್ ನೋಟು ಬೇಕು. ಹೊಸದಾಗಿರಲಿ, ಮಡಿಕೆ, ಗೀಚು ಇರುವ ನೋಟನ್ನು ಮಧ್ಯ ಏಷ್ಯಾದ ಅಂಗಡಿಗಳವರು ಹಿಂದಕ್ಕೆ ತಳ್ಳುತ್ತಾರೆ. ಚೀನಾದಲ್ಲಿ ತಳ್ಳುಗಾಡಿಯವರಿಗೂ ದುಡ್ಡು ಕೊಡುವುದು ಅಲಿಪೇ ಅಥವಾ ವಿಚಾಟ್ ಎಂಬ ಫೋನ್ ಆ್ಯಪ್‌ನಲ್ಲಿ. ವಿದೇಶಿ ಕಾರ್ಡನ್ನು ಅವುಗಳಿಗೆ ಜೋಡಿಸಬಹುದು, ಅದನ್ನೂ ಮನೆಯಲ್ಲೇ ಮಾಡಿ ಮುಗಿಸಿ.

ಮನೆಯಲ್ಲೇ ಯಾಕೆ ಅಂದರೆ ಒಟಿಪಿ. ಕಾರ್ಡು, ಬ್ಯಾಂಕು, ಟಿಕೆಟ್ಟು ಎಲ್ಲದಕ್ಕೂ ಒಟಿಪಿ ಬರುವುದು ನಿಮ್ಮ ಊರಿನ ನಂಬರಿಗೆ. ಆ ಸಿಮ್ಮು ತೆಗೆದು ಡಬ್ಬಿಗೆ ಹಾಕಿ ಅಲ್ಲಿನ ಸಿಮ್ಮು ಹಾಕಿಕೊಂಡವರು ಕೈಯಲ್ಲಿ ದುಡ್ಡಿದ್ದೂ ಇಲ್ಲದಂತಾಗುತ್ತಾರೆ. ಎರಡು ಸಿಮ್ಮಿನ ಫೋನ್ ಇರಲಿ, ಊರಿನ ಸಿಮ್ಮಿಗೆ ರೋಮಿಂಗ್ ಹಾಕಿಸಿ, ಪ್ರಯಾಣ ಮುಗಿಯುವವರೆಗೆ ಅದು ಜೀವಂತವಾಗಿರಲಿ. ಚೀನಾದಲ್ಲಿ ವಾಟ್ಸಾಪ್, ಗೂಗಲ್ ತಡೆದಿದ್ದಾರೆ. ಊರಿನ ಸಿಮ್ಮಿನ ರೋಮಿಂಗ್ ಡೇಟಾದಲ್ಲಿ ಸಾಮಾನ್ಯವಾಗಿ ನಡೆಯುತ್ತವೆ, ಆದರೂ ಮನೆಯವರಿಗೆ ಹೇಳಿಬಿಡಿ: 'ಎರಡು ದಿನ ಮೆಸೇಜ್ ಬರದಿದ್ದರೆ ಗಾಬರಿ ಆಗಬೇಡಿ.'

ಚೀನಾ ಪೂರ್ತಿ ಒಂದೇ ಗಡಿಯಾರ, ನಮಗಿಂತ ಎರಡೂವರೆ ಗಂಟೆ ಮುಂದೆ. ಆದರೆ ಉರುಮ್ಚಿಯಲ್ಲಿ ಸ್ಥಳೀಯರು ಎರಡು ಗಂಟೆ ಹಿಂದಿನ ಲೆಕ್ಕವನ್ನೂ ಬಳಸುತ್ತಾರೆ. ಯಾರಾದರೂ ಸಮಯ ಹೇಳಿದರೆ 'ಬೀಜಿಂಗ್ ಟೈಮಾ?' ಎಂದು ಕೇಳಿ. ಕಜಾಕಸ್ತಾನ 2024ರ ಮಾರ್ಚ್ 1ರಿಂದ ದೇಶಕ್ಕೆಲ್ಲ ಒಂದೇ ಸಮಯ ಮಾಡಿಕೊಂಡಿದೆ, ಗಡಿ ದಾಟಿದೊಡನೆ ಮೂರು ಗಂಟೆ ಹಿಂದಕ್ಕೆ ತಿರುಗಿಸಬೇಕು.

ಬುತ್ತಿ

ನಮ್ಮ ಕಡೆಯ ಅಮ್ಮಂದಿರು 'ಅಲ್ಲಿ ಊಟಕ್ಕೇನಪ್ಪ ಮಾಡ್ತೀಯ?' ಎಂದು ಕೇಳುವುದು ಸರಿಯಾದ ಪ್ರಶ್ನೆ. ಉತ್ತರ ಬಿಸಿನೀರು. ಚೀನಾದ ರೈಲುಗಳಲ್ಲಿ ಕುದಿನೀರಿನ ನಲ್ಲಿ ಇರುತ್ತದೆ, ಕಜಾಕ್ ರೈಲಿನ ಬೋಗಿಗಳಲ್ಲಿ ಸಮೋವರ್ ಎಂಬ ನೀರು ಕುದಿಸುವ ಹಂಡೆ ಇರುತ್ತದೆ. ಕುದಿನೀರಿದ್ದರೆ ಮಂಡ್ಯದ ರಾಗಿ ಹುರಿಹಿಟ್ಟಿಗಿಂತ ಒಳ್ಳೆಯ ಪ್ರಯಾಣದ ಊಟ ನನಗೆ ಗೊತ್ತಿಲ್ಲ. ಬೆಲ್ಲದ ಪುಡಿ ಬೆರೆಸಿ ಇಟ್ಟುಕೊಂಡರೆ ಬೆಳಗಿನ ತಿಂಡಿ ಮುಗಿಯಿತು. ಹುರಿದ ರವೆಗೆ ಒಗ್ಗರಣೆ ಸೇರಿಸಿ ಆರಿಸಿಟ್ಟ ಉಪ್ಪಿಟ್ಟಿನ ಪುಡಿ, ತೆಳು ಅವಲಕ್ಕಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು. ಮುಚ್ಚಳ ಭದ್ರವಾಗಿರುವ ಸ್ಟೀಲ್ ಡಬ್ಬಿ, ಒಂದು ದೊಡ್ಡ ಲೋಟ, ಒಂದು ಚಮಚ. ಕೊಡುಬಳೆ, ನಿಪ್ಪಟ್ಟು ಸ್ವಲ್ಪ ಹೆಚ್ಚೇ ಇರಲಿ, ಎದುರು ಬರ್ತಿನವರಿಗೆ ಕೊಟ್ಟರೆ ಭಾಷೆ ಬೇಕಾಗುವುದಿಲ್ಲ.

ಒಯ್ಯಬಾರದ್ದೂ ಇದೆ. ಗಸಗಸೆ ಬೇಡವೇ ಬೇಡ, ಅದು ಬೆರೆತ ಮಸಾಲೆಪುಡಿಯೂ ಬೇಡ. ಸಿಂಗಪುರ, ಕೊಲ್ಲಿಯ ಯುಎಇಗಳಲ್ಲಿ ಅದನ್ನು ಮಾದಕ ವಸ್ತುವಿನ ಸಾಲಿಗೆ ಸೇರಿಸುತ್ತಾರೆ, ವಿಮಾನ ಬದಲಿಸಲು ಇಳಿದರೂ ತೊಂದರೆ. ಯೂರೋಪ್ ಒಕ್ಕೂಟದೊಳಗೆ ಹಾಲಿನ ಪದಾರ್ಥ, ಮಾಂಸ ಒಯ್ಯುವಂತಿಲ್ಲ. ತುಪ್ಪದ ಬಾಟಲಿ ಬಲ್ಗೇರಿಯಾ ಗಡಿಗೆ ಮುಂಚೆ ಖಾಲಿಯಾಗಿರಬೇಕು.

ಔಷಧಿಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಾಮಡಾಲ್ ಇರುವ ನೋವಿನ ಮಾತ್ರೆ ನಮ್ಮಲ್ಲಿ ಡಾಕ್ಟರು ಸಲೀಸಾಗಿ ಬರೆದುಕೊಡುತ್ತಾರೆ, ಮಧ್ಯ ಏಷ್ಯಾದ ಗಡಿಗಳಲ್ಲಿ ಅವು ದೊಡ್ಡ ಅಪರಾಧವಾಗಬಹುದು. ಬಿಪಿ, ಶುಗರ್ ಮಾತ್ರೆಗಳನ್ನು ಮೂಲ ಸ್ಟ್ರಿಪ್‌ನಲ್ಲೇ ಇಡಿ, ಔಷಧಿಯ ಮೂಲ ಹೆಸರಿರುವ ಚೀಟಿಯನ್ನು ಇಂಗ್ಲಿಷಿನಲ್ಲಿ ಬರೆಸಿಕೊಳ್ಳಿ. ಹೆಸರು ಬರೆಯದ ಪೊಟ್ಟಣದ ಚೂರ್ಣ ಮನೆಯಲ್ಲೇ ಇರಲಿ.

ಸಸ್ಯಾಹಾರಿಗಳು 'ಮಾಂಸ, ಮೀನು, ಮೊಟ್ಟೆ, ಮೀನಿನ ಸಾರು ಯಾವುದೂ ಬೇಡ' ಎಂಬ ವಾಕ್ಯವನ್ನು ಥಾಯ್, ಲಾವೊ, ಚೀನೀ, ರಷ್ಯನ್ ಭಾಷೆಗಳಲ್ಲಿ ಮುದ್ರಿಸಿ ಲ್ಯಾಮಿನೇಟ್ ಮಾಡಿಸಿ. ಸಮರ್ಕಂದ್‌ನ ತಂದೂರಿನ ದುಂಡು ರೊಟ್ಟಿ, ಟೊಮೆಟೊ, ಟರ್ಕಿಯ ಕೆಂಪು ಬೇಳೆಯ ಸೂಪು ನಿಮ್ಮನ್ನು ಕಾಪಾಡುತ್ತವೆ.

ಊರಲ್ಲೇ ಒಂದು ತಾಲೀಮು

ಬ್ಯಾಗು ಒಂದೇ ಇರಲಿ, ಮೆಟ್ಟಿಲ ಮೇಲೆ ನೀವೇ ಎತ್ತುವಷ್ಟು. ಅದನ್ನು ಪೂರ್ತಿ ತುಂಬಿಕೊಂಡು ವಾರಕ್ಕೊಮ್ಮೆ ಮೈಸೂರಿನಿಂದ ಹಜರತ್ ನಿಜಾಮುದ್ದೀನ್‌ಗೆ ಹೋಗುವ ಸ್ವರ್ಣ ಜಯಂತಿ ಎಕ್ಸ್‌ಪ್ರೆಸ್‌ನಲ್ಲಿ ಒಮ್ಮೆ ದೆಹಲಿಗೆ ಹೋಗಿ ಬನ್ನಿ. ರಾತ್ರಿಗಳನ್ನು ರೈಲಿನಲ್ಲೇ ಕಳೆದಾಗ ಬೆನ್ನು ಏನು ಹೇಳುತ್ತದೆ, ಯಾವ ಬಟ್ಟೆಯನ್ನು ಮುಟ್ಟಲೇ ಇಲ್ಲ, ಪವರ್ ಬ್ಯಾಂಕ್ ಎಷ್ಟು ಹೊತ್ತು ಬಂತು ಎಲ್ಲ ತಿಳಿಯುತ್ತದೆ. ಮುಟ್ಟದ ಬಟ್ಟೆಯನ್ನು ಹಿಂದಿರುಗಿದ ದಿನವೇ ಬೀರುವಿಗೆ ಹಾಕಿ. ಈ ತಾಲೀಮು ಸಾಕಾಗಿ ಹೋಯಿತು ಅನ್ನಿಸಿದರೆ ದೊಡ್ಡ ಪ್ರಯಾಣವನ್ನು ಅರ್ಧಕ್ಕೆ ಇಳಿಸಿ. ಬ್ಯಾಂಕಾಕ್‌ನಿಂದ ಕುನ್ಮಿಂಗ್‌ವರೆಗೆ ಹೋಗಿ ಬರುವುದೂ ಒಳ್ಳೆಯ ಪ್ರಯಾಣವೇ.

ಹೊರಡುವ ದಿನ

ಪಾಸ್‌ಪೋರ್ಟ್, ವೀಸಾ, ವಿಮೆಯ ಪ್ರತಿಗಳನ್ನು ಮೂರು ಕಡೆ ಇಡಿ: ಬ್ಯಾಗಿನಲ್ಲಿ ಕಾಗದವಾಗಿ, ಫೋನಿನಲ್ಲಿ, ಮನೆಯಲ್ಲಿ ನಂಬಿಕಸ್ತರ ಹತ್ತಿರ. ಕರೆಂಟ್ ಬಿಲ್, ನೀರಿನ ಬಿಲ್ಲಿಗೆ ವ್ಯವಸ್ಥೆ ಮಾಡಿ.

ಮೈಸೂರಿನಿಂದ ಚೆನ್ನೈಗೆ ಹಗಲಿನ ವಂದೇ ಭಾರತ್ ಇದೆ, ರಾತ್ರಿಯ ಕಾವೇರಿ ಎಕ್ಸ್‌ಪ್ರೆಸ್ ಇದೆ. ನಾನು ಕಾವೇರಿಯನ್ನೇ ಹೇಳುತ್ತೇನೆ. ಬೆಳಿಗ್ಗೆ ಚೆನ್ನೈ ತಲುಪಿ, ಸ್ನಾನ ಊಟ ಮುಗಿಸಿ, ಆ ರಾತ್ರಿಯ ಅಥವಾ ಮರುದಿನದ ವಿಮಾನ ಹಿಡಿಯಬಹುದು, ರೈಲು ತಡವಾದರೂ ಎದೆ ಹೊಡೆದುಕೊಳ್ಳುವುದಿಲ್ಲ. ಬೀಳ್ಕೊಡಲು ಬಂದವರು ಪ್ಲಾಟ್‌ಫಾರ್ಮ್‌ನಲ್ಲಿ ಕೊಡುವ ತಿಂಡಿ ಪೊಟ್ಟಣಗಳನ್ನು ಅವತ್ತಿಗೆ, ಮರುದಿನಕ್ಕೆ ಮಾತ್ರ ಇಟ್ಟುಕೊಳ್ಳಿ, ಉಳಿದದ್ದನ್ನು ಬೋಗಿಯಲ್ಲೇ ಹಂಚಿ. ಮಂಡ್ಯ ದಾಟುವಷ್ಟರಲ್ಲಿ ಪಾಸ್‌ಪೋರ್ಟ್, ಕಾರ್ಡ್, ಫೋನ್ ಮೂರನ್ನೂ ಇನ್ನೊಮ್ಮೆ ಮುಟ್ಟಿ ನೋಡಿ. ಏನಾದರೂ ಮರೆತಿದ್ದರೆ ಬೆಂಗಳೂರಿಗೆ ಯಾರಾದರೂ ತಂದುಕೊಡಲು ಅಷ್ಟು ಹೊತ್ತಿಗೆ ಇನ್ನೂ ಸಮಯವಿರುತ್ತದೆ.

ಬ್ಯಾಂಕಾಕ್‌ನಲ್ಲಿ ಎರಡು ರಾತ್ರಿ ಇಟ್ಟುಕೊಳ್ಳಿ. ದೂರದ ರೈಲುಗಳು ಈಗ ಹಳೆಯ ಹುವಾ ಲಂಫೋಂಗ್‌ನಿಂದಲ್ಲ, 2023ರ ಜನವರಿಯಿಂದ ಕ್ರುಂಗ್ ತೇಪ್ ಅಪಿವಾತ್ ಎಂಬ ಹೊಸ ನಿಲ್ದಾಣದಿಂದ ಹೊರಡುತ್ತವೆ. ಟ್ಯಾಕ್ಸಿಯವರಿಗೆ ಥಾಯ್ ಲಿಪಿಯಲ್ಲಿ ಬರೆದ ಹೆಸರು ತೋರಿಸಿ. ವಿಯೆಂಟಿಯನ್ ರೈಲಿನ ಎರಡನೇ ದರ್ಜೆಯಲ್ಲಿ ಕೆಳಗಿನ ಬರ್ತಿಗೆ ಸ್ವಲ್ಪ ಹೆಚ್ಚು ದರ, ಅದು ಅಗಲವೂ ಹೌದು, ಕಿಟಕಿಯೂ ನಿಮ್ಮದೇ. ಆ ಹೆಚ್ಚಿನ ದುಡ್ಡು ಕೊಟ್ಟುಬಿಡಿ.